ಕೊಟ್ಟ ಮಾತು, ಕೊಟ್ಟ ಜಾಗ

ಕೃಷ್ಣರಾಜನಗರದಂಥ ತಾಲ್ಲೂಕು ಕೇಂದ್ರಗಳ ಹಳೆಯ ಡಿಟಿಪಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಎರಡು ಕಂಪ್ಯೂಟರ್ ಕಾಣುತ್ತವೆ. ಮುಂದಿನ ಮೇಜಿನ ಮೇಲಿನದು ಹೊಸದು. ಪಹಣಿ, ಆಧಾರ್ ಪ್ರಿಂಟು, ಆನ್‌ಲೈನ್ ಅರ್ಜಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಎಲ್ಲಕ್ಕೂ ಅದೇ. ಹಿಂದೆ ಮೂಲೆಯಲ್ಲಿರುವುದು ಹಳೆಯದು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪಿಸುವ ನುಡಿ. ಹತ್ತಿಪ್ಪತ್ತು ವರ್ಷ ಸಂಪಾದಿಸಿದ ಕೆಲಸವೆಲ್ಲ ಅದರ ಹೊಟ್ಟೆಯಲ್ಲಿರುತ್ತದೆ: ಚುಂಚನಕಟ್ಟೆ ಜಾತ್ರೆಯ ಕರಪತ್ರ, ಎಡತೊರೆ ಅರ್ಕೇಶ್ವರಸ್ವಾಮಿ ರಥೋತ್ಸವದ ಆಹ್ವಾನ ಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಲೆಕ್ಕವಿಲ್ಲದಷ್ಟು ಲಗ್ನಪತ್ರಿಕೆ. ಹೋದ ವರ್ಷದ ಕರಪತ್ರದಲ್ಲಿ ತಾರೀಖು, ಹೆಸರು ಬದಲಿಸಿ ಈ ವರ್ಷದ್ದು ಮಾಡಿಕೊಡಿ ಎಂದು ಬರುವ ಗಿರಾಕಿಗೆ ಆ ಹಳೆಯ ಪೆಟ್ಟಿಗೆಯೇ ಗತಿ.

ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹಳೆಯದನ್ನು ಗುಜರಿಗೆ ಕೊಡಬಾರದೇಕೆ? ಕೊಟ್ಟರೆ ಅಕ್ಷರಗಳೇ ಕೈಬಿಟ್ಟು ಹೋಗುತ್ತವೆ. ಒಂದೊಂದು ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟೂ ಇತ್ತು. ಆದರೆ ಕನ್ನಡ ಮುದ್ರಣ ನಡೆಯುತ್ತಿದ್ದುದು ಪೇಜ್‌ಮೇಕರ್ ಮೇಲೆ. ಅದರ ಕೊನೆಯ ಆವೃತ್ತಿಯಾದ 7ಕ್ಕೂ ಯೂನಿಕೋಡ್ ಗೊತ್ತಿರಲಿಲ್ಲ. ಹಾಗಾಗಿ ಕನ್ನಡ ಗಣಕ ಪರಿಷತ್ತಿನ ನುಡಿಯಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೇ ಕನ್ನಡದ ಒತ್ತು, ಕೊಂಬು, ತಲೆಕಟ್ಟಿನ ತುಂಡುಗಳನ್ನು ಕೂರಿಸಿದವು. ಆ ಫಾಂಟ್, ಆ ಕೀಲಿಮಣೆ ತಂತ್ರಾಂಶ, ಆ ಪೇಜ್‌ಮೇಕರ್ ಮೂರೂ ಒಟ್ಟಿಗಿದ್ದರೆ ಕನ್ನಡ; ಒಂದು ತಪ್ಪಿದರೂ ಕೆಲಸ ನಿಂತಿತು, ಫಾಂಟೇ ತಪ್ಪಿದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಮೈಕ್ರೋಸಾಫ್ಟ್ ಎಕ್ಸ್‌ಪಿಯನ್ನು 2014ರ ಏಪ್ರಿಲ್ 8ಕ್ಕೆ ಕೈಬಿಟ್ಟಿತು. ಹೊಸ ಮದರ್‌ಬೋರ್ಡಿನ ಮೇಲೆ ಅದು ಏಳುವುದೂ ಕಷ್ಟ.

ಇಂಥ ಕಂಪ್ಯೂಟರಿನಲ್ಲಿ ಬೆಲೆಬಾಳುವುದು ಕಬ್ಬಿಣದ ಡಬ್ಬಿಯಲ್ಲ, ಡಿಸ್ಕಿನ ಮೇಲಿನ ಬೈಟುಗಳ ಜೋಡಣೆ. ಅದನ್ನು ಹಾಗೆಹಾಗೇ ಎತ್ತಿ ಒಂದು ಫೈಲಾಗಿಸಿ, ಬೇರೊಂದು ಯಂತ್ರದ ಮೇಲೆ ಓಡಿಸಿದರೆ ಡಬ್ಬಿ ಸತ್ತರೂ ಕೆಲಸ ನಿಲ್ಲುವುದಿಲ್ಲ. ಹಾಗೆ ಓಡುವುದಕ್ಕೆ ವರ್ಚುವಲ್ ಮಶೀನ್, ಚಿಕ್ಕದಾಗಿ ವಿಎಂ ಎಂದು ಹೆಸರು. ಆ ವಿಎಂ ತನ್ನ ಡಿಸ್ಕ್ ಎಂದು ನಂಬಿರುವ ವಸ್ತುವೇ ವಾಲ್ಯೂಮ್. ವಾಲ್ಯೂಮ್‌ಗಳು ಇರುವ ಒಟ್ಟು ಜಾಗ ಪೂಲ್. ಈ ಅಧ್ಯಾಯ ಇವೆರಡರ ನಡುವಿನ ಲೆಕ್ಕಾಚಾರದ್ದು.

ಐವತ್ತು ವರ್ಷ ಮೀರಿದ ಉಪಾಯ

ಒಂದು ಯಂತ್ರದೊಳಗೆ ಹಲವು ಯಂತ್ರ ಎಂಬುದು ಹೊಸ ಯೋಚನೆಯಲ್ಲ. 1967ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಪ್ರಯೋಗಾಲಯದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೋಮೊ ಮತ್ತವರ ಸಂಗಡಿಗರು ಸಿಪಿ-40 ಎಂಬ ವ್ಯವಸ್ಥೆಯನ್ನು ಓಡಿಸಿದರು. ಒಂದೇ ದೊಡ್ಡ ಕಂಪ್ಯೂಟರನ್ನು ಹಂಚಿಕೊಂಡ ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮೊಬ್ಬರದ್ದೇ ಎಂದು ಅನ್ನಿಸುವಂತೆ ಮಾಡಿದ್ದು ಅದರ ಸಾಧನೆ. ಅದರ ಬೆನ್ನಿಗೇ ಸಿಪಿ-67, ಆಮೇಲೆ 1972ರಲ್ಲಿ ವಿಎಂ/370 ಬಂದವು.

ಡಿಸ್ಕ್ ಹಂಚುವ ಪ್ರಶ್ನೆ ಅಂದೇ ಎದುರಾಯಿತು. ಆ ಕಾಲದ ಐಬಿಎಂ 2314 ಡಿಸ್ಕ್ ಪ್ಯಾಕ್ ಒಂದರಲ್ಲಿ ಹಿಡಿಸುತ್ತಿದ್ದುದು ಸುಮಾರು 29 ಮೆಗಾಬೈಟ್. ಅದನ್ನು 200 ಸಿಲಿಂಡರ್‌ಗಳೆಂದು ಎಣಿಸಿ, ಇಂತಿಷ್ಟನೇ ಸಿಲಿಂಡರಿನಿಂದ ಇಷ್ಟು ಸಿಲಿಂಡರ್ ಈ ಬಳಕೆದಾರನಿಗೆ ಎಂದು ಪಟ್ಟಿಯಲ್ಲಿ ಬರೆಯುತ್ತಿದ್ದರು. ಆ ತುಂಡಿಗೆ ಮಿನಿಡಿಸ್ಕ್ ಎಂದು ಹೆಸರು. ಪಟ್ಟಿ ಬರೆಯುವವರ ಕೈತಪ್ಪಿ ಇಬ್ಬರ ತುಂಡುಗಳು ಒಂದರ ಮೇಲೊಂದು ಬಿದ್ದರೆ, ಒಬ್ಬರು ಬರೆದದ್ದು ಇನ್ನೊಬ್ಬರದನ್ನು ಅಳಿಸುತ್ತಿತ್ತು. ಇವತ್ತಿನ ವಾಲ್ಯೂಮ್ ನಿರ್ವಹಣೆಯ ತಂತ್ರಾಂಶಗಳು ಮಾಡುವ ಮೊದಲ ಉಪಕಾರ ಇದೇ: ಸಿಲಿಂಡರ್ ಎಣಿಸುವ ಕೆಲಸವನ್ನು ಮನುಷ್ಯನ ಕೈಯಿಂದ ಕಿತ್ತುಕೊಂಡಿವೆ.

ದೊಡ್ಡ ಸಂಸ್ಥೆಗಳ ಈ ಸೊತ್ತು ಮನೆಗೆ ಬಂದದ್ದು ಈ ಶತಮಾನದಲ್ಲಿ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಕ್ಯೂಎಮು ಎಂಬ ತಂತ್ರಾಂಶ ಹೊರತಂದರು. ಇಡೀ ಕಂಪ್ಯೂಟರನ್ನು ಅದು ತಂತ್ರಾಂಶದಲ್ಲೇ ನಟಿಸಿ ತೋರಿಸುತ್ತಿತ್ತು. 2005, 2006ರ ಹೊತ್ತಿಗೆ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಲ್ಲೇ ವಿಎಂಗೆ ಅನುಕೂಲ ಕಲ್ಪಿಸಿದವು. 2007ರ ಫೆಬ್ರುವರಿಯಲ್ಲಿ ಲಿನಕ್ಸ್ 2.6.20ರೊಳಗೆ ಆ ಅನುಕೂಲ ಬಳಸುವ ಕೆವಿಎಂ ಸೇರಿಕೊಂಡಿತು. ಇದರ ಮೇಲೆ ಪೂಲ್, ವಾಲ್ಯೂಮ್ ಎಂಬ ಲೆಕ್ಕ ಇಡುವುದು ಲಿಬ್‌ವರ್ಟ್. ಈ ಕೆವಿಎಂ, ಕ್ಯೂಎಮುಗಳ ಮೇಲೆಯೇ ನಿಂತು, ಬ್ರೌಸರಿನಲ್ಲಿ ಎಲ್ಲವನ್ನೂ ತೋರಿಸುವ ಪ್ರಾಕ್ಸ್‌ಮಾಕ್ಸ್‌ನಂಥವೂ ಇವೆ. ಎಲ್ಲವೂ ದುಡ್ಡಿಲ್ಲದೆ ಸಿಗುವಂಥವು.

ಒಂದು ಮನೆ, ನಾಲ್ಕು ಯಂತ್ರ

ಕೃಷ್ಣರಾಜನಗರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮುಂದೆ ಅಪ್ಪನ ಡಿಟಿಪಿ ಅಂಗಡಿ, ಹಿಂದೆ ಮನೆ. ಮೈಸೂರಿಗೆ ಕೆಲಸಕ್ಕೆ ಓಡಾಡುವ ಮಗಳು ಕಚೇರಿಗಳು ಮಾರಿಬಿಡುವ ಪುಟ್ಟ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಒಂದನ್ನು ತಂದು ಸರ್ವರ್ ಮಾಡಿದ್ದಾಳೆ. ಸುಮ್ಮನಿದ್ದಾಗ 10 ವಾಟ್ ಎಳೆಯುತ್ತದೆ ಎಂದುಕೊಂಡರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಒಳಗೆ 1 ಟಿಬಿಯ ಎಸ್‌ಎಸ್‌ಡಿ.

ಡಬ್ಬಿಯ ಮೇಲೆ 1 ಟಿಬಿ ಎಂದಿದ್ದರೂ ಸರ್ವರ್ ತೋರಿಸುವುದು 931 ಜಿಬಿ. ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ಒಂದು ಲಕ್ಷ ಕೋಟಿ ಬೈಟನ್ನು 1024ರಿಂದ ಮೂರು ಸಲ ಭಾಗಿಸಿದರೆ 931 ಬರುತ್ತದೆ. ಸರ್ವರಿನ ಸ್ವಂತ ಖರ್ಚಿಗೆ 31 ಬಿಟ್ಟರೆ ಪೂಲಿಗೆ ಸಿಗುವುದು 900 ಜಿಬಿ.

ಮೊದಲ ವಿಎಂ ಅಪ್ಪನ ಎಕ್ಸ್‌ಪಿ. ಹಳೆಯ 80 ಜಿಬಿ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ, ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ತಂತ್ರಾಂಶದಿಂದ ಓದಿಸಬೇಕು. ಓದಲಾಗದ ಜಾಗ ಸಿಕ್ಕಾಗ ಅದು ಅಲ್ಲೇ ತಿಣುಕುತ್ತ ಕೂರುವುದಿಲ್ಲ. ಗುರುತು ಹಾಕಿಕೊಂಡು ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ಹಿಂದಿರುಗಿ ಮತ್ತೆ ಪ್ರಯತ್ನಿಸುತ್ತದೆ. ಇನ್ನೇನು ಕೆಡಲಿರುವ ಡಿಸ್ಕಿಗೆ ಈ ಕ್ರಮವೇ ಸರಿ. ಬಂದ ಫೈಲನ್ನು ವಿಎಂಗೆ ಜೋಡಿಸುವಾಗ ಒಂದು ಎಚ್ಚರ ಬೇಕು. ಎಕ್ಸ್‌ಪಿಗೆ ಹೊಸ ಕಾಲದ ವರ್ಟ್‌ಐಓ ಡಿಸ್ಕ್ ಕಂಟ್ರೋಲರ್ ಪರಿಚಯವಿಲ್ಲ. ಮೊದಲ ಸಲವೇ ಅದನ್ನು ಕೊಟ್ಟರೆ ನೀಲಿ ಪರದೆ, ಅದರ ಮೇಲೆ 7ಬಿ ಎಂದು ಮುಗಿಯುವ ಸಂಕೇತ. ಹಳೆಯ ಐಡಿಇ ಕಂಟ್ರೋಲರ್ ಎಂದು ಹೇಳಿ ಕೊಟ್ಟರೆ ಏಳುತ್ತದೆ. ಭದ್ರತಾ ದುರಸ್ತಿ ಬರುವುದು ನಿಂತು ವರ್ಷಗಳಾದ್ದರಿಂದ ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡಬಾರದು.

ಎರಡನೆಯದು ಮನೆಯವರೆಲ್ಲರ ಫೋಟೊ ಇಡುವ ವಿಎಂ, ಮೂರನೆಯದು ಅಂಗಡಿ ಬಾಗಿಲು ಮತ್ತು ಹಿತ್ತಲಿನ ಎರಡು ಸಿಸಿಟಿವಿ ಕ್ಯಾಮೆರಾಗಳ ಚಿತ್ರೀಕರಣ ಹಿಡಿಯುವುದು, ನಾಲ್ಕನೆಯದು ಮಗಳ ಕಲಿಕೆ ಪ್ರಯೋಗಗಳಿಗೆ. ಇವಕ್ಕೆ ಹೇಳಿದ ಗಾತ್ರ ಕ್ರಮವಾಗಿ 75, 400, 500, 125 ಜಿಬಿ. ಕೂಡಿದರೆ 1,100. ಇರುವುದು 900. ಆದರೂ ವ್ಯವಸ್ಥೆ ಚಕಾರವೆತ್ತದೆ ನಾಲ್ಕನ್ನೂ ಸೃಷ್ಟಿಸಿಕೊಡುತ್ತದೆ. ಅದು ಹೇಗೆ?

ಫೈಲಿನ ಒಳಗೊಂದು ಡಿಸ್ಕ್

ವಾಲ್ಯೂಮ್‌ ಅನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಇಡಬಹುದು. ಒಂದು ‘ರಾ’: ಡಿಸ್ಕಿನ ಮೊದಲ ಬೈಟು ಫೈಲಿನ ಮೊದಲ ಬೈಟು, ಕೊನೆಯದು ಕೊನೆಯದು. ನೇರ, ವೇಗ, ಅರ್ಥವಾಗುವುದು ಸುಲಭ. ಲಿನಕ್ಸಿನ ಕಡತ ವ್ಯವಸ್ಥೆಗಳು ಫೈಲಿನಲ್ಲಿ ಇನ್ನೂ ಬರೆಯದ ಭಾಗಕ್ಕೆ ಜಾಗವನ್ನೇ ಕೊಡದೆ ಖಾಲಿ ಎಂದಷ್ಟೇ ಗುರುತಿಡಬಲ್ಲವು. ಹಾಗಾಗಿ 75 ಜಿಬಿ ಎಂದು ಪಟ್ಟಿಯಲ್ಲಿ ಕಾಣುವ ಫೈಲ್ ಎಸ್‌ಎಸ್‌ಡಿಯ ಮೇಲೆ 30 ಜಿಬಿ ಮಾತ್ರ ತಿಂದಿರಬಹುದು. ಇದು ಗೊತ್ತಿಲ್ಲದ ತಂತ್ರಾಂಶದಿಂದ ಆ ಫೈಲನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿದರೆ ಖಾಲಿ ಭಾಗವೆಲ್ಲ ನಿಜವಾದ ಸೊನ್ನೆಗಳಾಗಿ ಬಿದ್ದು 75 ಪೂರ್ತಿ ತುಂಬಿಕೊಳ್ಳುತ್ತದೆ.

ಇನ್ನೊಂದು ಬಗೆ ಕ್ಯೂಎಮುವಿನದೇ ಆದ ಕ್ಯೂಕೌ-2. ಇದು ಒಳಗೇ ಒಂದು ವಿಳಾಸಪಟ್ಟಿ ಇಟ್ಟುಕೊಳ್ಳುತ್ತದೆ. ಕೊಂಚ ಹತ್ತಿರದಿಂದ ನೋಡೋಣ. ಎಕ್ಸ್‌ಪಿ ತನ್ನ ಡಿಸ್ಕಿನ 20,97,152ನೇ ಸೆಕ್ಟರಿಗೆ ಏನೋ ಬರೆಯಬೇಕು ಎನ್ನುತ್ತದೆ. ಒಂದು ಸೆಕ್ಟರ್ 512 ಬೈಟು. ಅಂದರೆ ಸರಿಯಾಗಿ 1 ಜಿಬಿ ದೂರದ ಜಾಗ. ಕ್ಯೂಕೌ-2 ಡಿಸ್ಕನ್ನು 64 ಕೆಬಿಯ ಕಂತೆಗಳಾಗಿ ಎಣಿಸುತ್ತದೆ, ಆದ್ದರಿಂದ ಸೊನ್ನೆಯಿಂದ ಎಣಿಸಿದರೆ ಇದು 16,384ನೇ ಕಂತೆ. ವಿಳಾಸಪಟ್ಟಿಯ ಒಂದೊಂದು ಹಾಳೆಯೂ 64 ಕೆಬಿಯೇ. ಒಂದು ವಿಳಾಸಕ್ಕೆ 8 ಬೈಟಿನಂತೆ ಒಂದು ಹಾಳೆಯಲ್ಲಿ 8,192 ವಿಳಾಸ ಹಿಡಿಯುತ್ತವೆ. ಒಂದು ಹಾಳೆ 512 ಎಂಬಿ ಡಿಸ್ಕಿಗೆ ಸಾಕು. ಮೊದಲೆರಡು ಹಾಳೆ ಮೊದಲ 1 ಜಿಬಿಗೆ ಮುಗಿದವು, ನಮಗೆ ಬೇಕಾದ್ದು ಮೂರನೇ ಹಾಳೆಯ ಮೊದಲ ಸಾಲು. ಆ ಸಾಲಿನಲ್ಲಿ ಸೊನ್ನೆ ಇದ್ದರೆ ಆ ಕಂತೆ ಇನ್ನೂ ಹುಟ್ಟಿಲ್ಲ ಎಂದರ್ಥ. ಕ್ಯೂಎಮು ಫೈಲಿನ ಕೊನೆಗೆ 64 ಕೆಬಿ ಹೊಸದಾಗಿ ಸೇರಿಸಿ, ಅಲ್ಲಿ ಬರೆದು, ಅದರ ವಿಳಾಸವನ್ನು ಆ ಸಾಲಿಗೆ ತುಂಬುತ್ತದೆ. ಎಕ್ಸ್‌ಪಿಗೆ ಇದ್ಯಾವುದರ ಸುಳಿವೂ ಇಲ್ಲ.

ಜಾಗ ಕೇಳಿದಾಗ ಮಾತ್ರ ಕೊಡುವ ಈ ಪದ್ಧತಿಗೆ ಥಿನ್ ಪ್ರಾವಿಷನಿಂಗ್ ಎನ್ನುತ್ತಾರೆ. ಲಿನಕ್ಸಿನ ವಾಲ್ಯೂಮ್ ನಿರ್ವಾಹಕ ಎಲ್‌ವಿಎಂನಲ್ಲಿ, ಸನ್ ಕಂಪನಿಯಿಂದ ಬಂದ ಝಡ್‌ಎಫ್‌ಎಸ್‌ನಲ್ಲಿ ಫೈಲಿನ ಗೊಡವೆಯಿಲ್ಲದೆ ನೇರ ಡಿಸ್ಕಿನ ಮೇಲೇ ಇಂಥ ವಾಲ್ಯೂಮ್ ಮಾಡಬಹುದು. ತತ್ತ್ವ ಒಂದೇ.

ಅಚ್ಚುಕಟ್ಟಿನ ಲೆಕ್ಕ

ಕೃಷ್ಣರಾಜಸಾಗರದ ಹಿನ್ನೀರು ಕೃಷ್ಣರಾಜನಗರ ತಾಲ್ಲೂಕಿನ ತನಕ ಚಾಚಿದೆ. ಮಳೆಗಾಲ ಬಂತೆಂದರೆ ಇಲ್ಲಿಯವರು ಪತ್ರಿಕೆಯಲ್ಲಿ ಮೊದಲು ನೋಡುವುದು ಜಲಾಶಯದ ಪಟ್ಟಿ: ಗರಿಷ್ಠ ಮಟ್ಟ 124.80 ಅಡಿ, ಪೂರ್ತಿ ತುಂಬಿದರೆ 49.45 ಟಿಎಂಸಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಇದರ ಜೊತೆಗೆ ನಾಲೆಯ ಲೆಕ್ಕ ಬೇರೆ. ಇಷ್ಟು ಎಕರೆ ಅಚ್ಚುಕಟ್ಟು ಎಂಬುದು ಕಾಗದದ ಮೇಲಿನ ಮಾತು. ಗದ್ದೆಗೆ ಹರಿಯುವುದು ಅಣೆಕಟ್ಟೆಯಲ್ಲಿರುವ ನೀರು. ಎಲ್ಲರೂ ಒಂದೇ ಸಲ ಭತ್ತ ನಾಟಿ ಮಾಡಿ, ಮಳೆ ಕೈಕೊಟ್ಟರೆ ನಾಲೆಯ ಕೊನೇ ಭಾಗದವರಿಗೆ ನೀರು ಮುಟ್ಟುವುದಿಲ್ಲ.

ಪೂಲಿನ ವರದಿಯಲ್ಲೂ ಹೀಗೇ ಎರಡು ಅಂಕಿ ಇರುತ್ತವೆ. ವಾಲ್ಯೂಮಿನ ಸಾಮರ್ಥ್ಯ ಎಂಬುದು ಕೊಟ್ಟ ಮಾತು, ಅಚ್ಚುಕಟ್ಟು ಇದ್ದ ಹಾಗೆ. ಹಂಚಿಕೆ ಎಂಬುದು ಈವರೆಗೆ ನಿಜವಾಗಿ ಕೊಟ್ಟ ಜಾಗ. ನಮ್ಮ ಮನೆಯ ನಾಲ್ಕು ವಾಲ್ಯೂಮಿಗೆ ಕೊಟ್ಟ ಮಾತು 1,100 ಜಿಬಿ. ಮೊದಲ ದಿನ ಕೊಟ್ಟ ಜಾಗ 30, 140, 10, 20, ಒಟ್ಟು 200. ಪೂಲಿನಲ್ಲಿ 700 ಬಾಕಿ, ಯಾರಿಗೂ ತೊಂದರೆಯಿಲ್ಲ.

ಈಗ ಕ್ಯಾಮೆರಾದ ಲೆಕ್ಕ ಹಾಕೋಣ. ಒಂದೊಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ಎರಡರಿಂದ 4. ದಿನಕ್ಕೆ 86,400 ಸೆಕೆಂಡು. 8 ಬಿಟ್ಟಿಗೆ ಒಂದು ಬೈಟಿನಂತೆ ಭಾಗಿಸಿದರೆ ದಿನಕ್ಕೆ ಸುಮಾರು 43 ಸಾವಿರ ಎಂಬಿ, 1024ರ ಲೆಕ್ಕದಲ್ಲಿ 40 ಜಿಬಿ. ಅದಕ್ಕೆಂದು ಹೇಳಿದ 500 ಜಿಬಿ ಹದಿಮೂರು ದಿನದೊಳಗೆ ಭರ್ತಿ. ಆಮೇಲೆ ಅದು ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಹೋಗುತ್ತದೆ, ಬೆಳೆಯುವುದಿಲ್ಲ. ಆದರೆ ಪೂಲಿನಲ್ಲಿ ಆಗ ಉಳಿದದ್ದು 210. ಮಿಕ್ಕ ಮೂರು ವಾಲ್ಯೂಮಿಗೆ ಇನ್ನೂ ಕೊಡಬೇಕಾದ ಬಾಕಿ 410. ಮದುವೆ ಮನೆಯ ವಿಡಿಯೊಗಳು ಬಂದು ಬೀಳಲಿ, ಪ್ರಯೋಗಕ್ಕೆಂದು ನಾಲ್ಕಾರು ಲಿನಕ್ಸ್ ಇಳಿಸಿಕೊಳ್ಳಲಿ, ಒಂದು ದಿನ ಪೂಲ್ ಖಾಲಿ.

ಆ ದಿನ ಏನಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಫೈಲುಗಳ ಪೂಲ್ ಆದರೆ, ಹೊಸ ಕಂತೆ ಕೇಳಿದ ವಿಎಂ ಅನ್ನು ಕ್ಯೂಎಮು ಇದ್ದಲ್ಲೇ ನಿಲ್ಲಿಸಿಬಿಡುತ್ತದೆ. ದೋಷದ ಸಂದೇಶ ಕೊಡುವುದಿಲ್ಲ, ಶಟ್‌ಡೌನ್ ಮಾಡುವುದಿಲ್ಲ. ಗಡಿಯಾರವೂ ನಿಂತಂತೆ ಸ್ತಬ್ಧ. ಹೊಸ ಜಾಗ ಕೇಳದ, ಈಗಾಗಲೇ ಕೊಟ್ಟ ಜಾಗದಲ್ಲೇ ಬರೆದುಕೊಳ್ಳುವ ವಿಎಂ ಮಾತ್ರ ಓಡುತ್ತಲೇ ಇರುತ್ತದೆ. ಜಾಗ ಹೆಚ್ಚು ತಿಂದ ಕ್ಯಾಮೆರಾ ಯಂತ್ರಕ್ಕೆ ಏನೂ ಆಗುವುದಿಲ್ಲ. ನಿಲ್ಲುವುದು ಒಂದು ಪುಟದ ಕರಪತ್ರ ಉಳಿಸಲು ಹೋದ ಎಕ್ಸ್‌ಪಿ.

“ಇಲ್ಲಿ ಇನ್ನೂ 45 ಜಿಬಿ ಖಾಲಿ ಅದೆ ಅಂತ ತೋರಿಸ್ತಾ ಇತ್ತಲ್ಲಮ್ಮ, ಮತ್ಯಾಕೆ ನಿಂತೋಯ್ತು?” ಎಂದು ಅಪ್ಪ ಕೇಳಿದರೆ ಮಗಳು ಕೊಡಬೇಕಾದ ಉತ್ತರ ಇಷ್ಟೇ: “ಅದು ನಾವು ಕೊಟ್ಟ ಮಾತು ಅಪ್ಪಾಜಿ, ಜಾಗ ಅಲ್ಲ.”

ಪೂಲಿನಲ್ಲಿ ಬೇಡದ್ದನ್ನು ಅಳಿಸಿ ಜಾಗ ಮಾಡಿ ಮುಂದುವರಿಸು ಎಂದರೆ ಎಕ್ಸ್‌ಪಿ ನಿಂತಲ್ಲಿಂದಲೇ ಓಡುತ್ತದೆ, ಕರಪತ್ರವೂ ಉಳಿಯುತ್ತದೆ. ಎಲ್‌ವಿಎಂ ಥಿನ್ ಪೂಲ್ ಇಷ್ಟು ಉದಾರಿಯಲ್ಲ. ಬೇರೇನೂ ಹೇಳದಿದ್ದರೆ ಅದು 60 ಸೆಕೆಂಡು ಕಾದು, ಆಮೇಲೆ ಬರೆಯಲಾಗದು ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ವಿಳಾಸಪಟ್ಟಿ ಇಡಲು ಅದಕ್ಕೆ ಪ್ರತ್ಯೇಕ ಜಾಗವೂ ಬೇಕು. ದತ್ತಾಂಶಕ್ಕೆ ಜಾಗವಿದ್ದು ಪಟ್ಟಿಗೆ ಜಾಗ ಮುಗಿದರೂ ಕೆಲಸ ಕೆಟ್ಟಿತು.

ಇದರಿಂದ ಬರುವ ನಿಯಮ ಸರಳ. ಖಂಡಿತ ತುಂಬಿಯೇ ತುಂಬುತ್ತದೆ ಎಂದು ಗೊತ್ತಿರುವ ವಾಲ್ಯೂಮಿಗೆ ಮಾತು ಕೊಡುವ ಆಟ ಬೇಡ. ಮೊದಲ ದಿನವೇ ಪೂರ್ತಿ ಜಾಗ ಕಾದಿರಿಸಬೇಕು. ಕ್ಯಾಮೆರಾದ್ದನ್ನು ಬೇರೊಂದು ಅಗ್ಗದ ಹಾರ್ಡ್‌ಡಿಸ್ಕಿಗೇ ಸಾಗಿಸಿದರೆ ಇನ್ನೂ ಒಳ್ಳೆಯದು. ಬೆಳೆಯಬಹುದು, ಬೆಳೆಯದೆಯೂ ಇರಬಹುದು ಎಂಬಂಥವಕ್ಕೆ ಮಾತ್ರ ಥಿನ್. ಪೂಲ್ ಶೇಕಡ 80 ದಾಟಿದಾಗ ಮೊಬೈಲಿಗೆ ಒಂದು ಸಂದೇಶ ಬರುವ ಹಾಗೆ ಮಾಡಿಟ್ಟುಕೊಂಡರೆ ಇಂಥ ದಿನ ಬರುವುದಿಲ್ಲ.

ಅಳಿಸಿದರೂ ಸಿಗದ ಜಾಗ

ಅಣೆಕಟ್ಟೆಗೆ ಮಳೆಗಾಲ ಬರುತ್ತದೆ, ಪೂಲಿಗೆ ಬರುವುದಿಲ್ಲ. ಒಮ್ಮೆ ಕೊಟ್ಟ ಜಾಗ ತಾನಾಗಿ ಹಿಂದಕ್ಕೆ ಬಾರದು. ಫೋಟೊ ವಿಎಂನಲ್ಲಿ 50 ಜಿಬಿ ವಿಡಿಯೊ ಅಳಿಸಿದರೆ ಆ ವಿಎಂ ಒಳಗೆ 50 ಜಿಬಿ ಖಾಲಿ ಕಾಣುತ್ತದೆ. ಹೊರಗೆ ಪೂಲಿನಲ್ಲಿ ಒಂದು ಬೈಟೂ ಬಿಡುಗಡೆಯಾಗಿರುವುದಿಲ್ಲ.

ಕಾರಣ ಇಷ್ಟು. ಫೈಲ್ ಅಳಿಸುವುದೆಂದರೆ ಬೈಟುಗಳನ್ನು ಒರೆಸುವುದಲ್ಲ. ತನ್ನ ಪಟ್ಟಿಯಲ್ಲಿ ಈ ಜಾಗ ಖಾಲಿ ಎಂದು ಬರೆದುಕೊಳ್ಳುವುದು. ಆ ಪಟ್ಟಿ ಇರುವುದು ವಿಎಂ ಒಳಗಿನ ಕಡತ ವ್ಯವಸ್ಥೆಯಲ್ಲಿ. ಹೊರಗಿನ ಕ್ಯೂಎಮುಗೆ ಕಂತೆಗಳು ಮಾತ್ರ ಕಾಣುತ್ತವೆ. ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ತಿಳಿಯದು. ಒಳಗಿನವರೇ ಹೊರಗಿನವರಿಗೆ ಹೇಳಬೇಕು. ಎಸ್‌ಎಸ್‌ಡಿಗಳಿಗೆಂದು ಹುಟ್ಟಿದ ಟ್ರಿಮ್ ಎಂಬ ಆಜ್ಞೆ ಇಲ್ಲಿ ನೆರವಿಗೆ ಬರುತ್ತದೆ. ವಿಎಂನ ಡಿಸ್ಕ್ ಸೆಟ್ಟಿಂಗಿನಲ್ಲಿ ಡಿಸ್ಕಾರ್ಡ್ ಎಂಬುದನ್ನು ಆನ್ ಮಾಡಿಟ್ಟರೆ, ಒಳಗಿನ ಲಿನಕ್ಸ್ ಟ್ರಿಮ್ ಕಳಿಸಿದಾಗ ಹೊರಗೆ ಆ ಕಂತೆಗಳು ಪೂಲಿಗೆ ಮರಳುತ್ತವೆ. ಈಚಿನ ಲಿನಕ್ಸ್‌ಗಳಲ್ಲಿ ಟ್ರಿಮ್ ಕಳಿಸುವ ಎಫ್‌ಎಸ್‌ಟ್ರಿಮ್ ಅನ್ನು ವಾರಕ್ಕೊಮ್ಮೆ ತಾನಾಗಿ ಓಡಿಸುವ ಏರ್ಪಾಟಿದೆ. ಒಳಗಿನದು ಓಡುತ್ತಿದ್ದು ಹೊರಗಿನ ಸೆಟ್ಟಿಂಗ್ ಆಫ್ ಇದ್ದರೆ, ಕೂಗು ಗಾಳಿಗೆ ಹೋಗುತ್ತದೆ.

ಎಕ್ಸ್‌ಪಿಗೆ ಟ್ರಿಮ್ ಗೊತ್ತೇ ಇಲ್ಲ. ವಿಂಡೋಸ್‌ಗೆ ಅದು ಬಂದದ್ದು 7ರಲ್ಲಿ. ಅದಕ್ಕೆ ಹಳೆಯ ದಾರಿ: ಖಾಲಿ ಜಾಗಕ್ಕೆಲ್ಲ ಸೊನ್ನೆ ಬರೆಯುವ ಒಂದು ಉಪಕರಣವನ್ನು ಒಳಗೆ ಓಡಿಸಿ, ವಿಎಂ ಆಫ್ ಮಾಡಿ, ವಾಲ್ಯೂಮನ್ನು ಹೊಸ ಫೈಲಿಗೆ ಪರಿವರ್ತಿಸುವುದು. ಬರೀ ಸೊನ್ನೆಯಿರುವ ಕಂತೆಗಳನ್ನು ಪರಿವರ್ತಕ ಬಿಟ್ಟುಬಿಡುತ್ತದೆ. ಒಂದು ಅಪಾಯವಿದೆ: ಸೊನ್ನೆ ಬರೆಯುವಾಗ ಥಿನ್ ವಾಲ್ಯೂಮ್ ತನ್ನ ಪೂರ್ತಿ ಗಾತ್ರಕ್ಕೆ ಊದಿಕೊಳ್ಳಬಹುದು, ಹೊಸ ಫೈಲಿಗೂ ಜಾಗ ಬೇಕು. ಪೂಲ್ ತುಂಬಿ ಕುತ್ತಿಗೆಗೆ ಬಂದಾಗ ಮಾಡುವ ಕೆಲಸವಲ್ಲ ಇದು.

ಹಿಂದಕ್ಕೆ ಹೋಗುವ ದಾರಿ

ವಾಲ್ಯೂಮ್‌ಗಳ ಇನ್ನೊಂದು ಶಕ್ತಿ ಸ್ನ್ಯಾಪ್‌ಶಾಟ್. ಫೋಟೊ ತಂತ್ರಾಂಶದ ಹೊಸ ಆವೃತ್ತಿ ಹಾಕುವ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದರೆ, ಕೆಟ್ಟರೆ ಒಂದು ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು. 140 ಜಿಬಿಯನ್ನು ಕಾಪಿ ಮಾಡದೆಯೇ ಇದು ಕ್ಷಣದಲ್ಲಿ ಆಗುತ್ತದೆ.

ಗುಟ್ಟು ಮತ್ತೆ ವಿಳಾಸಪಟ್ಟಿಯಲ್ಲಿದೆ. ಇದ್ದ ಫೈಲನ್ನು ಇನ್ನು ಮುಟ್ಟಬಾರದು ಎಂದು ತೆಗೆದಿಟ್ಟು, ಅದರ ಮೇಲೆ ಖಾಲಿಪಟ್ಟಿಯ ಹೊಸ ಕ್ಯೂಕೌ-2 ಫೈಲ್ ಒಂದನ್ನು ಕೂರಿಸುತ್ತಾರೆ. ಓದಬೇಕಾದರೆ ಮೊದಲು ಮೇಲಿನ ಪಟ್ಟಿ. ಅಲ್ಲಿ ಸೊನ್ನೆಯಿದ್ದರೆ ಕೆಳಗಿನದು. ಬರೆಯುವುದೆಲ್ಲ ಮೇಲೆ. ಕೆಳಗಿರುವ ಕಂತೆಯಲ್ಲಿ 4 ಕೆಬಿ ಮಾತ್ರ ಬದಲಿಸಬೇಕಾದರೂ ಮಿಕ್ಕ 60 ಕೆಬಿಯನ್ನು ಕೆಳಗಿನಿಂದ ತಂದು ಸೇರಿಸಿ 64 ಪೂರ್ತಿ ಬರೆಯಬೇಕು. ಸ್ನ್ಯಾಪ್‌ಶಾಟ್ ತೆಗೆದ ಹೊಸತರಲ್ಲಿ ಯಂತ್ರ ಮಂದವಾದಂತೆ ಕಾಣುವುದು ಇದರಿಂದ.

ಇಲ್ಲಿ ಮೂರು ಮಾತು ನೆನಪಿಡಬೇಕು. ಮೇಲಿನ ಫೈಲ್ ಬೆಳೆಯುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅದೂ ಮೂಲದಷ್ಟೇ ದೊಡ್ಡದಾಗುತ್ತದೆ. ಕೆಲಸ ಮುಗಿದ ಮೇಲೆ ಮೇಲಿನದನ್ನು ಕೆಳಗಿನದರೊಳಗೆ ವಿಲೀನ ಮಾಡಬೇಕು, ವಿಎಂ ಓಡುತ್ತಿರುವಾಗಲೇ ಅದು ಸಾಧ್ಯ. ಎರಡನೆಯದು, ಮೇಲೊಂದು ಫೈಲ್ ಇರುವಾಗ ಕೆಳಗಿನದನ್ನು ಇನ್ನೊಂದು ವಿಎಂಗೆ ಜೋಡಿಸಿ ಬರೆಯಲು ಬಿಟ್ಟರೆ ಮೇಲಿನದು ಹಾಳು. ಎರಡೂ ಕೂಡಿಯೇ ಒಂದು ಡಿಸ್ಕ್. ಮೂರನೆಯದು, ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಎರಡೂ ಫೈಲ್ ಒಂದೇ ಎಸ್‌ಎಸ್‌ಡಿಯ ಮೇಲಿವೆ. ಅದು ಕೆಟ್ಟರೆ ಎರಡೂ ಹೋದವು.

ಅಪ್ಪನ ಎಕ್ಸ್‌ಪಿಗೆ ಈ ಜೋಡಣೆ ಹೇಳಿ ಮಾಡಿಸಿದಂತಿದೆ. ಚೆನ್ನಾಗಿ ಓಡುವ ಒಂದು ಸ್ಥಿತಿಯನ್ನು ತಳಹದಿಯಾಗಿ ಮುಚ್ಚಿಟ್ಟು, ದಿನನಿತ್ಯದ ಕೆಲಸ ಮೇಲಿನ ಪದರದಲ್ಲಿ. ಎಂದೋ ಒಂದು ದಿನ ಫಾಂಟ್ ಕೆಟ್ಟರೆ, ವೈರಸ್ ಬಂದರೆ ಮೇಲಿನದನ್ನು ಎಸೆದರಾಯಿತು. ಆದರೆ ಆ ದಿನ ಕರಪತ್ರಗಳೂ ಜೊತೆಗೆ ಹೋಗಬಾರದು. ಅದಕ್ಕೇ ಸಿ ಡ್ರೈವ್ ಒಂದು ವಾಲ್ಯೂಮ್, ಕೆಲಸದ ಫೈಲುಗಳ ಡಿ ಡ್ರೈವ್ ಇನ್ನೊಂದು ವಾಲ್ಯೂಮ್ ಎಂದು ಮೊದಲೇ ಬೇರೆ ಮಾಡಬೇಕು. ಹಿಂದಕ್ಕೆ ಹೋಗಬೇಕಾದ್ದು ವಿಂಡೋಸ್, ಮುಂದಕ್ಕೆ ಮಾತ್ರ ಹೋಗಬೇಕಾದ್ದು ಕೆಲಸ.

ಕರೆಂಟ್ ಹೋದಾಗ

ಬೇಸಗೆಯ ಗುಡುಗುಮಳೆಗೆ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋಗುವುದು ಈ ಕಡೆ ಸಾಮಾನ್ಯ. ಸರ್ವರ್ ಗಕ್ಕನೆ ಆರಿದಾಗ ವಾಲ್ಯೂಮಿಗೆ ಏನಾಗುತ್ತದೆ? ವಿಎಂ ಬರೆದದ್ದು ಎಸ್‌ಎಸ್‌ಡಿ ಮುಟ್ಟುವ ಮೊದಲು ಹಲವು ಕಡೆ ತಂಗುತ್ತದೆ: ವಿಎಂನ ಮೆಮೊರಿ, ಸರ್ವರಿನ ಮೆಮೊರಿ, ಎಸ್‌ಎಸ್‌ಡಿಯ ಒಳಗಿನ ಪುಟ್ಟ ಮೆಮೊರಿ. ಇದನ್ನು ಈಗಲೇ ಗಟ್ಟಿ ಮಾಡು ಎಂದು ವಿಎಂ ಹೇಳಿದಾಗ ಆ ಆಜ್ಞೆ ಎಲ್ಲ ಹಂತ ದಾಟಿ ಕೆಳಗಿನ ತನಕ ಹೋಗಬೇಕು. ಕ್ಯೂಎಮುವಿನ ಮಾಮೂಲಿ ಕ್ಯಾಶ್ ವಿಧಾನಗಳು ಆಜ್ಞೆಯನ್ನು ಪಾಲಿಸುತ್ತವೆ. ‘ಅನ್‌ಸೇಫ್’ ಎಂಬ ಒಂದು ಮಾತ್ರ ಪಾಲಿಸಿದಂತೆ ನಟಿಸುತ್ತದೆ. ವೇಗ ಸಿಗುತ್ತದೆ, ಹೆಸರೂ ಸುಳ್ಳಲ್ಲ.

ಕ್ಯೂಕೌ-2ರಲ್ಲಿ ಕಂತೆ ಸೇರಿಸುವುದೂ ವಿಳಾಸ ತುಂಬುವುದೂ ಎರಡು ಬೇರೆ ಬರಹ. ನಡುವೆ ಕರೆಂಟ್ ಹೋದರೆ ಯಾವ ವಿಳಾಸವೂ ಇಲ್ಲದ ಅನಾಥ ಕಂತೆ ಉಳಿಯಬಹುದು. ತಪಾಸಣೆ ಉಪಕರಣ ಇದನ್ನು ಸೋರಿಕೆ ಎಂದು ತೋರಿಸುತ್ತದೆ. ಜಾಗ ನಷ್ಟವಷ್ಟೇ, ದತ್ತಾಂಶ ಕೆಟ್ಟಿಲ್ಲ. ಎರರ್ ಎಂದು ತೋರಿಸಿದರೆ ಮಾತ್ರ ಗಾಬರಿಗೆ ಕಾರಣ. ವಿಎಂ ಓಡುತ್ತಿರುವಾಗ ದುರಸ್ತಿಗೆ ಕೈಹಾಕಬಾರದು. ಇದೆಲ್ಲಕ್ಕಿಂತ ಅಗ್ಗದ ಉಪಾಯ ಒಂದು ಯುಪಿಎಸ್, ಅದರಿಂದ ಸರ್ವರಿಗೆ ಒಂದು ಯುಎಸ್‌ಬಿ ತಂತಿ. ಬ್ಯಾಟರಿ ಇಳಿಯುತ್ತಿದೆ ಎಂದು ತಿಳಿದ ಕೂಡಲೇ ಸರ್ವರ್ ತಾನೇ ನಾಲ್ಕೂ ವಿಎಂಗಳನ್ನು ಸರಿಯಾಗಿ ಮುಚ್ಚಿ ಆಫ್ ಆಗುವಂತೆ ಮಾಡುವ ಉಚಿತ ತಂತ್ರಾಂಶವಿದೆ.

ಹಿಗ್ಗಿಸುವುದು, ಕುಗ್ಗಿಸುವುದು

ವಾಲ್ಯೂಮ್ ಹಿಗ್ಗಿಸುವುದು ಸುಲಭ, ಆದರೆ ಹೊರಗಿನಿಂದ ಒಳಕ್ಕೆ ಮೂರು ಹೆಜ್ಜೆ: ಮೊದಲು ವಾಲ್ಯೂಮ್, ಆಮೇಲೆ ಅದರೊಳಗಿನ ಪಾರ್ಟಿಷನ್, ಕೊನೆಗೆ ಕಡತ ವ್ಯವಸ್ಥೆ. ಮೊದಲ ಹೆಜ್ಜೆಗೆ ನಿಂತರೆ ಗಾತ್ರ ಬೆಳೆದಿರುತ್ತದೆ, ಒಳಗೆ ಖಾಲಿ ಜಾಗ ಮಾತ್ರ ಹಳೆಯಷ್ಟೇ. ಕುಗ್ಗಿಸುವಾಗ ಕ್ರಮ ತಿರುವುಮುರುವು: ಮೊದಲು ಕಡತ ವ್ಯವಸ್ಥೆ, ಕೊನೆಗೆ ವಾಲ್ಯೂಮ್. ಮೊದಲೇ ವಾಲ್ಯೂಮ್ ಕತ್ತರಿಸಿದರೆ ತುದಿಯಲ್ಲಿದ್ದ ಫೈಲುಗಳು ಕತ್ತರಿಸಿಹೋಗುತ್ತವೆ. ಇದೇ ಕಾರಣಕ್ಕೆ ಕ್ಯೂಎಮುವಿನ ಉಪಕರಣ, ಕುಗ್ಗಿಸು ಎಂದು ಬಿಡಿಸಿ ಹೇಳದ ಹೊರತು ಚಿಕ್ಕ ಗಾತ್ರ ಒಪ್ಪುವುದಿಲ್ಲ. ಥಿನ್ ವಾಲ್ಯೂಮಿಗೆ ಕುಗ್ಗಿಸುವ ಅಗತ್ಯವೂ ಅಪರೂಪ. ಬಳಸದ ಜಾಗವನ್ನು ಅದು ಹಿಡಿದುಕೊಂಡೇ ಇಲ್ಲವಲ್ಲ.

ಇನ್ನೊಂದು ಊರಿನಲ್ಲಿ ಒಂದು ಪ್ರತಿ

ಬ್ಯಾಕಪ್‌ಗೆ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇವತ್ತಿಗೂ ಸಲ್ಲುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಎರಡನೇ ಪ್ರತಿ ಮನೆಯದೇ ಯುಎಸ್‌ಬಿ ಹಾರ್ಡ್‌ಡಿಸ್ಕಿನಲ್ಲಿರಲಿ. ಮೂರನೆಯದು ಹುಣಸೂರಿನ ಚಿಕ್ಕಪ್ಪನ ಮನೆಯಲ್ಲಿ ಇರಲಿ ಎಂದುಕೊಂಡರೆ ಇಂಟರ್‌ನೆಟ್ ಲೆಕ್ಕ ಬರುತ್ತದೆ. ಕಳಿಸುವ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ 140 ಜಿಬಿ ಹೋಗಲು ಮೂವತ್ತು ಗಂಟೆಗೂ ಮೀರಿ ಬೇಕು. ದಿನಾ ಇದು ಆಗದ ಮಾತು. ಆದರೆ ಯಾವ ಕಂತೆ ಬದಲಾಯಿತು ಎಂದು ಕ್ಯೂಎಮು ಒಂದು ಗುರುತುಪಟ್ಟಿ ಇಡಬಲ್ಲದು. ಮೊದಲ ಪೂರ್ತಿ ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿ ಬಸ್ಸಿನಲ್ಲಿ ಒಯ್ದು ಕೊಟ್ಟು, ಆಮೇಲೆ ದಿನಾ ಬದಲಾದ ಕಂತೆ ಮಾತ್ರ ಕಳಿಸಿದರಾಯಿತು. ದಿನಕ್ಕೆ 500 ಎಂಬಿ ಬದಲಾದರೆ ಏಳು ನಿಮಿಷ.

ಎಲ್ಲಕ್ಕೂ ಒಂದೇ ಕಾಳಜಿ ಬೇಕಿಲ್ಲ. ಕ್ಯಾಮೆರಾದ ಹಳೆಯ ಚಿತ್ರೀಕರಣಕ್ಕೆ ಬ್ಯಾಕಪ್ ದಂಡ; ಹೇಗೂ ಹನ್ನೆರಡು ದಿನಕ್ಕೆ ಅಳಿಯುವುದು. ಪ್ರಯೋಗದ ವಿಎಂ ಹೋದರೆ ಮತ್ತೆ ಕಟ್ಟಬಹುದು. ಎಕ್ಸ್‌ಪಿಯ ಸಿ ಡ್ರೈವ್ ಬದಲಾಗುವುದೇ ಕಮ್ಮಿ, ಒಂದು ಒಳ್ಳೆಯ ಪ್ರತಿ ಮೂರೂ ಕಡೆ ಇದ್ದರೆ ಸಾಕು. ದಿನಾ ಕಾಯಬೇಕಾದ್ದು ಫೋಟೊ ಮತ್ತು ಡಿ ಡ್ರೈವ್. ವಾಲ್ಯೂಮ್‌ಗಳನ್ನು ಮೊದಲೇ ಬೇರೆ ಬೇರೆ ಮಾಡಿದ್ದರ ಲಾಭ ಈಗ ಕೈಗೆ ಬರುತ್ತದೆ: ಪ್ರತಿಯೊಂದಕ್ಕೂ ಅದರ ಬೆಲೆಗೆ ತಕ್ಕ ಕಾಳಜಿ.

ಕೊನೆಯದಾಗಿ, ಬ್ಯಾಕಪ್ ಎಂಬುದೂ ಒಂದು ಮಾತೇ. ತೆರೆದು ನೋಡುವ ತನಕ ಅದು ನಿಜವೋ ಸುಳ್ಳೋ ತಿಳಿಯದು. ವರ್ಷಕ್ಕೆ ಒಂದೆರಡು ಸಲ ಆ ಪ್ರತಿಯನ್ನು ಮಗಳ ಲ್ಯಾಪ್‌ಟಾಪಿನಲ್ಲಿ ಹೊಸ ವಿಎಂ ಆಗಿ ಎಬ್ಬಿಸಿ, ಪೇಜ್‌ಮೇಕರ್ ತೆರೆದು, ಯಾವುದೋ ಹಳೆಯ ಜಾತ್ರೆಯ ಕರಪತ್ರದಲ್ಲಿ ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಅಪ್ಪನಿಂದಲೇ ನೋಡಿಸಬೇಕು. ಕೂತಿದ್ದರೆ, ಅಂಗಡಿ ಮೂಲೆಯ ಹಳೆಯ ಪೆಟ್ಟಿಗೆಯನ್ನು ಅಂದೇ ಗುಜರಿಗೆ ಕೊಡಬಹುದು.